ಡಿಸ್ಕೊ ಯಾವುದೆಂದು ಹೇಳುವವರು ಯಾರು?

‘ನಾರ್ದರ್ನ್ ಸೋಲ್’ ಪ್ರಕಾರವನ್ನು ಕಟ್ಟಿದ್ದು ಸಂಗೀತಗಾರರಲ್ಲ, ಕುಣಿದವರು. ಅರವತ್ತರ ದಶಕದಲ್ಲಿ ಅಮೆರಿಕದ ಕಪ್ಪು ಗಾಯಕರು ಹಾಡಿ, ಅಲ್ಲಿ ಹೆಚ್ಚು ಮಾರಾಟವಾಗದೆ ಉಳಿದ ಚುರುಕು ಲಯದ ರೆಕಾರ್ಡುಗಳಿಗೆ ಉತ್ತರ ಇಂಗ್ಲೆಂಡಿನ ಕಾರ್ಮಿಕ ಮನೆಗಳ ಹುಡುಗ ಹುಡುಗಿಯರು ರಾತ್ರಿಯಿಡೀ ಕುಣಿದರು. ವಿಗನ್ ಕ್ಯಾಸಿನೊದಲ್ಲಿ ಇದು 1973ರಿಂದ 1981ರವರೆಗೆ ನಡೆಯಿತು. ಅಪರೂಪದ ಹುಚ್ಚು ಅಲ್ಲೂ ಇತ್ತು. ಎದುರಾಳಿಗಳಿಗೆ ಗುಟ್ಟು ತಿಳಿಯದಿರಲೆಂದು ಡಿಜೆಗಳು ಲೇಬಲ್ಲಿನ ಮೇಲೆ ಕಾಗದ ಅಂಟಿಸುತ್ತಿದ್ದರು. ಆದರೂ ಕಾಲು ಒಪ್ಪದ ರೆಕಾರ್ಡು ಅಲ್ಲಿ ನಿಲ್ಲುತ್ತಿರಲಿಲ್ಲ.

ನಮ್ಮ ಹಳೆಯ ಸಿನಿಮಾ ರೆಕಾರ್ಡುಗಳಿಗೆ ಸಂಗ್ರಾಹಕರು ‘ಇಂಡಿಯನ್ ಡಿಸ್ಕೊ’ ಎಂದು ಚೀಟಿ ಅಂಟಿಸುವಾಗ ಈ ಕಾಲಿನ ಪರೀಕ್ಷೆಯೇ ಇಲ್ಲ. ಡ್ರಮ್ಸ್, ಬೇಸ್ ಗಿಟಾರ್, ಸಿಂಥಸೈಸರ್ ಇರಬೇಕು, ಪ್ರತಿ ಸಿಗಬಾರದು, ಅಷ್ಟೆ. ಹಾಡಿದವರ ದನಿ ಲೆಕ್ಕಕ್ಕಿಲ್ಲ. ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡನ್ನೇ ನೋಡಿ. ಇಂಗ್ಲಿಷನ್ನೂ ಕನ್ನಡದಂತೆ ಬಿಡಿಸಿ ಬಿಡಿಸಿ ಉಚ್ಚರಿಸುವ ಆ ಗತ್ತನ್ನು ತೆಗೆದರೆ ಉಳಿಯುವುದು ಬರೀ ವಾದ್ಯ.

ಇನ್ನು ‘ಗೀತಾ’ (1981) ಚಿತ್ರದ ‘ಸಂತೋಷಕ್ಕೆ’. ಸಂಗೀತ ಇಳಯರಾಜಾ ಅವರದು, ದನಿ ಎಸ್‌ಪಿಬಿಯವರದು. ಎಲ್ಲರಿಗೂ ಗೊತ್ತಿರುವ ಹಾಡು ಎಂಬುದೇ ಸಂಗ್ರಾಹಕರ ಲೆಕ್ಕದಲ್ಲಿ ಅದರ ಕೊರತೆ. ನನಗೋ ಅದೇ ಅದರ ಅರ್ಹತಾಪತ್ರ. ನಮ್ಮ ಮರಳೂರಿನ ಕಡೆ ಗಣಪತಿ ಕಾರ್ಯಕ್ರಮದಲ್ಲಿ ಆರ್ಕೆಸ್ಟ್ರಾದವರು ಅದನ್ನು ಎತ್ತಿಕೊಂಡರೆ, ರೆಕಾರ್ಡನ್ನು ಕಣ್ಣಲ್ಲೂ ಕಾಣದ ಹುಡುಗರು ಕುರ್ಚಿ ಸರಿಸಿ ಕುಣಿಯುತ್ತಾರೆ. ಮುಗಿದೊಡನೆ ಕೂಗುತ್ತಾರೆ: ‘ಒನ್ಸ್ ಮೋರ್!’