ಯಾವ 482?

ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ ಓಡಾಡುವ ಯಾವ ಜೂನಿಯರ್ ವಕೀಲರ ಫೋನು ತೆಗೆಸಿದರೂ ಎರಡು ಕಾಲಮ್ಮಿನ ಒಂದು ಪಿಡಿಎಫ್ ಸಿಗುತ್ತದೆ. ಎಡಕ್ಕೆ ಹಳೆಯ ಕಲಂ, ಬಲಕ್ಕೆ ಹೊಸ ಕಲಂ. 2024ರ ಜುಲೈ 1ರಂದು ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಾಗಿನಿಂದ ಈ ಹೋಲಿಕೆ ಪಟ್ಟಿಯೇ ಕಿರಿಯರ ಕೈಪಿಡಿ. ಸರ್ಕಾರದ್ದೇ ಆ್ಯಪ್ ಇದೆ, ಪ್ರಕಾಶಕರ ಪುಸ್ತಿಕೆಗಳಿವೆ, ಕಾಲೇಜಿನಲ್ಲಿ ಹಂಚಿದ ಜೆರಾಕ್ಸ್ ಕೂಡ ಇದೆ. ಇಷ್ಟು ಬೇಗ ಇಷ್ಟು ಜನರ ಕೈಗೆ ಹೋದ ಕಾನೂನು ಸಾಹಿತ್ಯ ಇತ್ತೀಚೆಗೆ ಇನ್ನೊಂದಿಲ್ಲ. ಹಾಗಾಗಿ ಅದನ್ನು ಒಂದು ಕೃತಿಯೆಂದೇ ಹಿಡಿದು ವಿಮರ್ಶಿಸಬೇಕು.

ಮೊದಲು ಅದರ ಋಣ ಹೇಳಿಬಿಡುತ್ತೇನೆ. ಹಳೆಯ ದಂಡ ಸಂಹಿತೆಯ 511 ಕಲಂಗಳು ಹೊಸ ನ್ಯಾಯ ಸಂಹಿತೆಯಲ್ಲಿ 358 ಆದವು, 484 ಇದ್ದ ದಂಡ ಪ್ರಕ್ರಿಯಾ ಸಂಹಿತೆ ನಾಗರಿಕ ಸುರಕ್ಷಾ ಸಂಹಿತೆಯಾಗಿ 531ಕ್ಕೆ ಏರಿತು. ಮೂವತ್ತು ವರ್ಷ 420, 302, 498ಎ ಎಂದುಕೊಂಡೇ ಬದುಕಿದ ಹಿರಿಯ ವಕೀಲರಿಗೆ ಈ ಪಟ್ಟಿ ಇಲ್ಲದಿದ್ದರೆ ಆ ಜುಲೈ ತಿಂಗಳು ದಾಟುತ್ತಲೇ ಇರಲಿಲ್ಲ. ಅವರಿಗೆ ಕಾನೂನು ಗೊತ್ತಿತ್ತು, ಬೇಕಾಗಿದ್ದದ್ದು ಹೊಸ ಸಂಖ್ಯೆ ಮಾತ್ರ. ತೊಂದರೆ ಬಂದದ್ದು ಅದೇ ಪಟ್ಟಿ ಕಾನೂನೇ ಗೊತ್ತಿಲ್ಲದವರ ಕೈಗೆ ಪಠ್ಯಪುಸ್ತಕವಾಗಿ ಹೋದಾಗ.

482ನ್ನೇ ನೋಡಿ. ಹಳೆಯ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಹೈಕೋರ್ಟಿನ ಅಂತರ್ಗತ ಅಧಿಕಾರ. ಎಫ್‌ಐಆರ್ ರದ್ದು ಮಾಡಿಸಲು ಹೋಗುವ ದಾರಿ ಅದೇ. ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ ಅಧಿಕಾರ 528ಕ್ಕೆ ಹೋಯಿತು, 482ರ ಜಾಗಕ್ಕೆ ನಿರೀಕ್ಷಣಾ ಜಾಮೀನು ಬಂದು ಕೂತಿತು. 173 ಇನ್ನೂ ಮೋಸಗಾರ: ಅಲ್ಲಿ ಅದು ಚಾರ್ಜ್‌ಶೀಟ್, ಇಲ್ಲಿ ಎಫ್‌ಐಆರ್. ಸಿನಿಮಾಗಳೆಲ್ಲ ಕೊಲೆ ಎಂದು ಕಲಿಸಿದ 302 ಈಗ ನ್ಯಾಯ ಸಂಹಿತೆಯಲ್ಲಿ ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ ಅಂಟಿದೆ. 2019ರ ತೀರ್ಪೊಂದರಲ್ಲಿ '482 ಅರ್ಜಿ ವಜಾ' ಎಂದು ಓದಿ, ನಿರೀಕ್ಷಣಾ ಜಾಮೀನು ಸಿಗಲಿಲ್ಲ ಎಂದು ಟಿಪ್ಪಣಿ ಮಾಡಿಕೊಳ್ಳುವ ವಿದ್ಯಾರ್ಥಿಯನ್ನು ಬೈಯುವಂತಿಲ್ಲ. ಅವನಿಗೆ ಯಾರೂ ವರ್ಷ ನೋಡಲು ಹೇಳಿಲ್ಲ.

ಇವು ಬರೀ ಸಂಖ್ಯೆಯ ಎಡವಟ್ಟುಗಳು, ಎರಡು ಬಾರಿ ಅವಮಾನವಾದರೆ ಸರಿಹೋಗುತ್ತವೆ. ಪಟ್ಟಿಯ ನಿಜವಾದ ದೋಷವೆಂದರೆ ಸಮವಲ್ಲದ್ದನ್ನು ಸಮ ಎಂದು ತೋರಿಸುವುದು. '167–187' ಎಂದು ಒಂದು ಸಾಲು ಇರುತ್ತದೆ. ಹಳೆಯ 167ರಲ್ಲಿ ಪೊಲೀಸ್ ಕಸ್ಟಡಿ ಸಿಗುತ್ತಿದ್ದುದು ರಿಮಾಂಡಿನ ಮೊದಲ ಹದಿನೈದು ದಿನದೊಳಗೆ ಮಾತ್ರ. 1992ರ ಅನುಪಮ್ ಕುಲಕರ್ಣಿ ತೀರ್ಪಿನ ನಂತರ ಅದು ಕಲ್ಲಿನಲ್ಲಿ ಕೊರೆದಂತಿತ್ತು. ಹೊಸ 187ರಲ್ಲಿ ಆ ಹದಿನೈದು ದಿನವನ್ನು ಬಿಡಿಬಿಡಿಯಾಗಿ, ಅಪರಾಧಕ್ಕೆ ತಕ್ಕಂತೆ ಮೊದಲ ನಲವತ್ತು ಅಥವಾ ಅರವತ್ತು ದಿನದೊಳಗೆ ಯಾವಾಗ ಬೇಕಾದರೂ ಕೇಳಬಹುದು. ಬಂಧನವಾಗಿ ಇಪ್ಪತ್ತೈದನೆಯ ದಿನ ತನಿಖಾಧಿಕಾರಿ ಮತ್ತೆ ಮೂರು ದಿನ ಕಸ್ಟಡಿ ಕೇಳುತ್ತಾನೆ ಎನ್ನಿ. ಪಟ್ಟಿ ನಂಬಿದ ಜೂನಿಯರ್ ಎದ್ದು ನಿಂತು 'ಹದಿನೈದು ದಿನ ಮುಗಿದಿದೆ ಸ್ವಾಮಿ' ಎಂದರೆ ವಾದ ಅಲ್ಲಿಗೇ ಮುಗಿಯಿತು. ಅವನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಈಗಾಗಲೇ ಎಷ್ಟು ದಿನದ ಪೊಲೀಸ್ ಕಸ್ಟಡಿ ಬಳಸಿಯಾಗಿದೆ?

ಸಾಕ್ಷ್ಯ ಕಾಯಿದೆಯ 65ಬಿ ಕಥೆಯೂ ಹೀಗೆಯೇ. ಜಾಲನಾದ ಚುನಾವಣಾ ತಕರಾರಿನಿಂದ ಹುಟ್ಟಿದ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ, 2020ರಲ್ಲಿ, ಸುಪ್ರೀಂ ಕೋರ್ಟ್ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕೇ ಬೇಕು ಎಂದಿತು. ಆಗ ಎಲ್ಲ ಆಫೀಸಿನ ಕಂಪ್ಯೂಟರಿನಲ್ಲೂ ಒಂದು ನಮೂನೆ ಸೇರಿಕೊಂಡಿತು. ಹೆಸರು, ತಾರೀಖು ಬದಲಿಸಿ ಪ್ರಿಂಟು ತೆಗೆಯುವುದು. ಹೊಸ ಸಾಕ್ಷ್ಯ ಅಧಿನಿಯಮದ 63 ಎರಡು ಭಾಗದ ಪ್ರಮಾಣಪತ್ರ ಕೇಳುತ್ತದೆ. ಒಂದನ್ನು ಸಾಧನದ ಜವಾಬ್ದಾರಿ ಹೊತ್ತವರು ತುಂಬಬೇಕು, ಇನ್ನೊಂದನ್ನು ತಜ್ಞರು. ಜೊತೆಗೆ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಹಳೆಯ ನಮೂನೆಯ ತಲೆಯಲ್ಲಿ '65ಬಿ' ಅಳಿಸಿ '63' ಎಂದು ಬರೆದರೆ ವಾಟ್ಸಾಪ್ ಚಾಟಿನ ಪ್ರಿಂಟು ಸಾಕ್ಷ್ಯವಾಗುವುದಿಲ್ಲ.

ಪಟ್ಟಿ ಮುಟ್ಟದೆ ಬಿಟ್ಟ ಇನ್ನೊಂದು ಸಂಗತಿ ತಾರೀಖು. ಪುಣೆಯವರಿಗೆ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಕಲ್ಯಾಣಿನಗರದ ಪೋರ್ಶೆ ಅಪಘಾತ ನಡೆದದ್ದು 2024ರ ಮೇ 19ರ ನಸುಕಿನಲ್ಲಿ. ಆರೋಪಿಗೆ ಹಾಕಿದ, ಮುನ್ನೂರು ಪದದ ಪ್ರಬಂಧ ಬರೆಯುವ ಜಾಮೀನು ಷರತ್ತು ದೇಶವನ್ನೆಲ್ಲ ಕೆರಳಿಸಿತು, ಕಾನೂನು ವಿದ್ಯಾರ್ಥಿಗಳೂ ಅದರ ಬಗ್ಗೆಯೇ ಮಾತಾಡಿದರು. ಕಸುಬಿನ ದೃಷ್ಟಿಯಿಂದ ಮುಖ್ಯವಾದದ್ದು ಆರು ವಾರಗಳ ಅಂತರ. ಹೊಸ ಸಂಹಿತೆ ಬರುವ ಮುನ್ನ ನಡೆದ ಕೃತ್ಯ ಅದು. ವಿಚಾರಣೆ ಎಷ್ಟು ವರ್ಷ ಎಳೆದರೂ ಅಪರಾಧವನ್ನು ಅಳೆಯುವುದು ಹಳೆಯ ದಂಡ ಸಂಹಿತೆಯಲ್ಲೇ. ಹಾಗಾದರೆ ಹಳೆಯ ಕೃತ್ಯಕ್ಕೆ ಜುಲೈ 1ರ ನಂತರ ಹಾಕಿದ ಜಾಮೀನು ಅರ್ಜಿ ಯಾವ ಸಂಹಿತೆಯದು? ಹೈಕೋರ್ಟುಗಳೇ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಇಂಥ ಪ್ರಶ್ನೆ ಎರಡು ಕಾಲಮ್ಮಿನಲ್ಲಿ ಹಿಡಿಸುವುದಿಲ್ಲ.

ಕಿರಿಯರ ಹೊಟ್ಟೆಪಾಡಾದ ಚೆಕ್ ಬೌನ್ಸಿಗೂ ಬಿಸಿ ತಟ್ಟಿತು. ಖಾಸಗಿ ದೂರಿನಲ್ಲಿ ಸಂಜ್ಞೇಯತೆ ತೆಗೆದುಕೊಳ್ಳುವ ಮೊದಲು ಆರೋಪಿಯ ಮಾತು ಕೇಳಬೇಕು ಎಂಬ ಹೊಸ ಷರತ್ತು ಸುರಕ್ಷಾ ಸಂಹಿತೆಯ 223ರಲ್ಲಿ ಬಂತು. ಚೆಕ್ ಬೌನ್ಸಿನ 138ರ ದೂರಿಗೂ ಅದು ಅನ್ವಯಿಸುತ್ತದೆಯೇ ಎಂಬ ಗೊಂದಲ ವರ್ಷಕ್ಕೂ ಹೆಚ್ಚು ಕಾಲ ಇತ್ತು. ಬೇಡ ಎಂದ ಕರ್ನಾಟಕ ಹೈಕೋರ್ಟಿನ ನಿಲುವನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಪಟ್ಟಿಯಲ್ಲಿ ಇದು ಇಂದಿಗೂ '200–223', ಅಷ್ಟೇ.

ಪುಣೆಗೆ ಓದಲು ಬರುವ ಕನ್ನಡದ ಹುಡುಗರಿಗೆ ಮತ್ತೊಂದು ಪಟ್ಟಿಯೇ ಬೇಕು. ಓದಲು ಇಲ್ಲಿಗೆ ಬರುವ ಈ ದಾರಿ ಹೊಸದಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಪಿ.ಬಿ. ಗಜೇಂದ್ರಗಡಕರ್, ಪಾಂಡವಪುರ ಸೀಮೆಯ ಇ.ಎಸ್. ವೆಂಕಟರಾಮಯ್ಯ ಇಬ್ಬರೂ ಇಲ್ಲಿನ ಐಎಲ್‌ಎಸ್ ಲಾ ಕಾಲೇಜಿನಲ್ಲಿ ಓದಿ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರು. ಬೆಳಗಾವಿ ಕಡೆಯಿಂದ ಇಂದಿಗೂ ಮಕ್ಕಳು ಬರುತ್ತಾರೆ. ಬಂದ ಮೊದಲ ವಾರ ಸಿವಿಲ್ ಕೋರ್ಟಿನಲ್ಲಿ 'ನಿಶಾಣಿ 5ರ ಮೇಲೆ ವಾದ' ಎಂದು ಕಿವಿಗೆ ಬೀಳುತ್ತದೆ. ನಮ್ಮಲ್ಲಿ ನಿ.ಪಿ. 5 ಎಂದರೆ ವಾದಿ ಹಾಜರುಪಡಿಸಿದ ಐದನೆಯ ದಾಖಲೆ. ಮಹಾರಾಷ್ಟ್ರದಲ್ಲಿ ದಾವಾಪತ್ರವೇ ನಿಶಾಣಿ 1, ಅರ್ಜಿಗಳಿಗೂ ಅದೇ ಸಾಲಿನ ಸಂಖ್ಯೆ. ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿ ರೂಢಿಯಲ್ಲಿ ನಿಶಾಣಿ 5. ನಮ್ಮ ಐಎ-1 (ಮಧ್ಯಂತರ ಅರ್ಜಿ) ಇಲ್ಲಿ ಹೀಗೆ ವೇಷ ಮರೆಸಿಕೊಂಡಿರುತ್ತದೆ. ಪಹಣಿ ಕೇಳಿದರೆ ಸಾತಬಾರಾ ಕೊಡುತ್ತಾರೆ. ಯಾವ ಅಣಕು ನ್ಯಾಯಾಲಯವೂ ಇದನ್ನು ಕಲಿಸದು. ಅಲ್ಲಿ ಎರಡನೆಯ ವರ್ಷದವರೇ ಸಂವಿಧಾನ ಪೀಠದ ಮುಂದೆ ನಿಂತುಬಿಟ್ಟಿರುತ್ತಾರೆ.

ಇದಕ್ಕೆಲ್ಲ ಮದ್ದು ನಿಯಮಗಳಲ್ಲೇ ಇದೆ ಎನ್ನುವುದು ಬೇಸರದ ಸಂಗತಿ. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕೋರ್ಟಿನಲ್ಲಿ ಕೂತು ನೋಡಿ ಬರೆದಿಡಬೇಕು ಎಂದು ಬಾರ್ ಕೌನ್ಸಿಲ್‌ನ ಪಠ್ಯಕ್ರಮ ಹೇಳುತ್ತದೆ. ಹಿಂದಿನ ಬ್ಯಾಚಿನ ಜರ್ನಲ್ ಎದುರಿಗಿಟ್ಟುಕೊಂಡು ಅದನ್ನು ಒಂದೇ ರಾತ್ರಿಯಲ್ಲಿ ಮುಗಿಸುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಎಂದ ಮೇಲೂ ಈ ಜರ್ನಲ್ಲಿನ ಮರ್ಯಾದೆ ಏರಿಲ್ಲ. (ಆ ಮೂರು ವರ್ಷ ಉಣ್ಣುವುದೇನು ಎಂಬುದು ಬೇರೆ ಪ್ರಶ್ನೆ. ನಗರದಲ್ಲಿ ತಿಂಗಳಿಗೆ 20,000 ರೂಪಾಯಿ ಕೊಡಿ ಎಂದು 2024ರಲ್ಲಿ ಬಾರ್ ಕೌನ್ಸಿಲ್ ಹೇಳಿದ್ದು ಶಿಫಾರಸು ಮಾತ್ರ.)

ಹೋಲಿಕೆ ಪಟ್ಟಿಯನ್ನು ಎಸೆಯಬೇಕಿಲ್ಲ. ಅದಕ್ಕೆ ಇನ್ನೆರಡು ಖಾಲಿ ಕಾಲಮ್ ಎಳೆದು ಆ ಜರ್ನಲ್ಲಿನೊಳಗೇ ಅಂಟಿಸಲಿ. ಏನು ಬದಲಾಯಿತು ಎಂಬುದಕ್ಕೆ ಒಂದು, ಈ ಪ್ರಕರಣದ ಕೃತ್ಯ ಯಾವ ತಾರೀಖಿನದು ಎಂಬುದಕ್ಕೆ ಇನ್ನೊಂದು. ತಾನು ಕೂತು ನೋಡಿದ ಕ್ರಿಮಿನಲ್ ವಿಚಾರಣೆಗೆ ಸಂಬಂಧಪಟ್ಟ ಹತ್ತು ಕಲಂಗಳಿಗಷ್ಟೇ ವಿದ್ಯಾರ್ಥಿ ಅವನ್ನು ತುಂಬಿದರೂ ಆ ಜರ್ನಲ್ಲಿಗೆ ಅಂಕ ಕೊಡಬಹುದು.