ನಿದ್ದೆಯ ಬೇರು, ಶೀತದ ಮಾತ್ರೆ

ಮೂಗು ಕಟ್ಟಿದ್ದಕ್ಕೆ ಒಂದು ಶೀತದ ಮಾತ್ರೆ. ನಿದ್ದೆ ಹತ್ತಲಿ ಎಂದು ಹಾಲಿಗೆ ಒಂದು ಚಮಚ ಅಶ್ವಗಂಧದ ಪುಡಿ, ಇಲ್ಲವೇ ತಗರ, ಜಟಾಮಾಂಸಿ ಸೇರಿದ ಗುಳಿಗೆ. ರಾತ್ರಿ ಮಲಗುವ ಮುನ್ನ ಇವೆರಡನ್ನೂ ಒಟ್ಟಿಗೆ ನುಂಗುವುದು ಈಗ ಅನೇಕ ಮನೆಗಳಲ್ಲಿ ಯಾರ ಗಮನಕ್ಕೂ ಬಾರದಷ್ಟು ಸಹಜವಾದ ರೂಢಿ. ಮೊದಲನೆಯದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಎರಡನೆಯದು ಗ್ರಂಥಿಗೆ ಅಂಗಡಿಯಲ್ಲೋ ಆನ್‌ಲೈನಿನಲ್ಲೋ. ಈ ರೂಢಿಯ ಪರವಾಗಿ ಮಾತಾಡುವವರು ಬೇರು ನಿದ್ದೆ ತರಿಸುತ್ತದೆ ಎನ್ನುತ್ತಾರೆ. ಬೇರಿನಿಂದ ಯಾವ ತೊಂದರೆಯೂ ಇಲ್ಲ, ಅದನ್ನು ಯಾವುದರ ಜೊತೆಗಾದರೂ ತೆಗೆದುಕೊಳ್ಳಬಹುದು ಎಂದೂ ಹೇಳುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ನಿದ್ದೆ ತರಿಸುವ ವಸ್ತು ಮಿದುಳಿನ ಮೇಲೆ ಕೆಲಸ ಮಾಡಲೇಬೇಕು. ಹಾಗೆ ಕೆಲಸ ಮಾಡುವುದಾದರೆ, ಅದೇ ಹೊತ್ತಿಗೆ ಮಿದುಳನ್ನು ಮಂಪರಿಗೆ ತಳ್ಳುವ ಇನ್ನೊಂದು ಔಷಧಿಯ ಜೊತೆ ಅದರ ಪರಿಣಾಮ ಕೂಡಿಕೊಳ್ಳದೆ ಹೇಗಿದ್ದೀತು?

ಶೀತದ ಮಾತ್ರೆ ಮಂಪರು ತರುವುದು ಆಕಸ್ಮಿಕವಲ್ಲ. ಹಿಸ್ಟಮಿನ್ ಎಂದರೆ ಸೀನು, ತುರಿಕೆ, ನೀರು ಸುರಿಸುವ ಮೂಗು ಎಂದಷ್ಟೇ ನಾವು ತಿಳಿದಿದ್ದೇವೆ. ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿ ಅದೇ ಹಿಸ್ಟಮಿನ್ ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕವೂ ಹೌದು. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್‌ನಂಥ ಹಳೆಯ ಪೀಳಿಗೆಯ ಆಂಟಿಹಿಸ್ಟಮಿನ್‌ಗಳು ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟಿ ಆ ಎಚ್ಚರವನ್ನು ತಗ್ಗಿಸುತ್ತವೆ. ಮಾಮೂಲಿ ಪ್ರಮಾಣದಲ್ಲೇ ಇವು ಮಿದುಳಿನ ಹಿಸ್ಟಮಿನ್ ಗ್ರಾಹಕಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆಕ್ರಮಿಸಬಲ್ಲವೆಂದು ಮಿದುಳಿನ ಪೆಟ್ ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ. ಕ್ಲೋರ್‌ಫೆನಿರಮಿನ್‌ನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು 20 ಗಂಟೆ ಬೇಕು. ರಾತ್ರಿಯ ಮಾತ್ರೆ ಬೆಳಿಗ್ಗೆ ಸ್ಕೂಟರ್ ಹತ್ತುವಾಗಲೂ ಒಳಗೇ ಇರುತ್ತದೆ. ಇನ್ನೊಂದು ಕಡೆ, ತಗರದ ಯುರೋಪಿನ ಬಂಧುವಾದ ವಲೇರಿಯನ್ ಬೇರಿನ ವಲೆರೆನಿಕ್ ಆಮ್ಲ ಮಿದುಳನ್ನು ಶಾಂತಗೊಳಿಸುವ ಗಾಬಾ ವ್ಯವಸ್ಥೆಗೆ ಒತ್ತಾಸೆ ಕೊಡುತ್ತದೆ. ಒಂದು ಎಚ್ಚರವನ್ನು ಇಳಿಸುತ್ತದೆ, ಇನ್ನೊಂದು ಶಮನವನ್ನು ಏರಿಸುತ್ತದೆ. ದಾರಿ ಬೇರೆಯಾದರೂ ಇವು ತಲುಪುವ ಊರು ಒಂದೇ. ಯುರೋಪಿನ ಔಷಧ ಸಂಸ್ಥೆ ವಲೇರಿಯನ್ ಬಗ್ಗೆ ಹೊರಡಿಸಿರುವ ದಾಖಲೆಯಲ್ಲಿ, ಕೃತಕ ಶಾಮಕಗಳ ಜೊತೆ ಇದನ್ನು ಬಳಸುವುದಾದರೆ ವೈದ್ಯರ ಮೇಲ್ವಿಚಾರಣೆ ಬೇಕೆಂಬ ಸೂಚನೆ ಇರುವುದು ಈ ಕಾರಣಕ್ಕೇ.

ಹಾಗೆಂದು ಎಲ್ಲ ಗಿಡಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಅಶ್ವಗಂಧದ ಮಂಪರು ಸೌಮ್ಯವಾದದ್ದು. ಸರ್ಪಗಂಧದ ಕತೆ ಬೇರೆ. ಅದರ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ರಕ್ತದೊತ್ತಡ ಇಳಿಸುವ, ಮನಸ್ಸನ್ನು ಕುಗ್ಗಿಸಬಲ್ಲ ಗಟ್ಟಿ ಔಷಧಿಯಾಗಿ ಜಗತ್ತಿನಾದ್ಯಂತ ಬಳಕೆಯಾಯಿತು. ‘ಗಿಡಮೂಲಿಕೆ’ ಎಂಬ ಒಂದೇ ಚೀಟಿಯಡಿ ಇವೆರಡೂ ಮಾರಾಟವಾಗುವಾಗ ಕೊಳ್ಳುವವನಿಗೆ ಈ ಅಂತರ ತಿಳಿಯುವುದಿಲ್ಲ. ಆರೋಗ್ಯವಂತ ಯುವಕನೊಬ್ಬ ಒಂದು ರಾತ್ರಿ ಅಶ್ವಗಂಧವನ್ನೂ ಶೀತದ ಮಾತ್ರೆಯನ್ನೂ ನುಂಗಿದರೆ ಹೆಚ್ಚಿನ ಪಕ್ಷ ಮರುದಿನ ತಲೆ ಭಾರವಾದೀತು. ಅಪಾಯ ನಿಜವಾಗುವುದು ಅರವತ್ತೈದು ದಾಟಿದವರಲ್ಲಿ, ಗೊರಕೆಯ ನಡುವೆ ಉಸಿರು ನಿಲ್ಲುವವರಲ್ಲಿ, ಮೂತ್ರಪಿಂಡ ಅಥವಾ ಯಕೃತ್ತು ದುರ್ಬಲವಾದವರಲ್ಲಿ, ಈಗಾಗಲೇ ನಿದ್ದೆಯ ಇಲ್ಲವೇ ಮಾನಸಿಕ ಕಾಯಿಲೆಯ ಮಾತ್ರೆ ಸೇವಿಸುವವರಲ್ಲಿ. ಹಳೆಯ ಆಂಟಿಹಿಸ್ಟಮಿನ್‌ಗಳು ವೃದ್ಧರಲ್ಲಿ ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವಿಕೆ ಉಂಟುಮಾಡುವುದರಿಂದ ಅಮೆರಿಕದ ವೃದ್ಧರೋಗ ತಜ್ಞರ ಬೀಯರ್ಸ್ ಪಟ್ಟಿ ಅವನ್ನು ಒಂಟಿಯಾಗಿಯೂ ಕೊಡಬೇಡಿ ಎನ್ನುತ್ತದೆ.

ಸಾವಿರಾರು ವರ್ಷ ಬಳಸಿದ ಮದ್ದು ಎಂಬುದು ಮೊದಲ ಆಕ್ಷೇಪ. ಆ ಅನುಭವವನ್ನು ನಾನು ಗೌರವಿಸುತ್ತೇನೆ; ಆದರೆ ಆಂಟಿಹಿಸ್ಟಮಿನ್‌ಗಳು ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಅವುಗಳ ಜೊತೆ ತಗರ ಹೇಗೆ ವರ್ತಿಸುತ್ತದೆಂದು ಹಿಂದಿನ ಯಾವ ಪಂಡಿತನೂ ಕಂಡಿರಲು ಸಾಧ್ಯವಿಲ್ಲ. ಬೇರೆ ಬೇರೆಯಾಗಿ ಹಿತವಾದವು ಕೂಡಿದಾಗ ಅಹಿತವಾಗಬಹುದು ಎಂಬ ಎಚ್ಚರ ಆಯುರ್ವೇದಕ್ಕೆ ಹೊಸದೂ ಅಲ್ಲ. ಆಹಾರದ ವಿಷಯದಲ್ಲಿ ಚರಕ ಸಂಹಿತೆ ಎಣಿಸುವ ಹದಿನೆಂಟು ಬಗೆಯ ವಿರುದ್ಧಗಳಲ್ಲಿ ಸಂಯೋಗ ವಿರುದ್ಧವೂ ಒಂದು. ಸೆಟಿರಿಜಿನ್‌ನಂಥ ಹೊಸ ಮಾತ್ರೆ ಮಂಪರು ತರುವುದಿಲ್ಲವಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಅದು 10 ಮಿಲಿಗ್ರಾಂನಲ್ಲಿ ಮಿದುಳಿನ ಗ್ರಾಹಕಗಳ ಸುಮಾರು ಶೇ. 13ನ್ನಷ್ಟೇ ಮುಟ್ಟುತ್ತದೆ, ಪ್ರಮಾಣ ಇಮ್ಮಡಿಯಾದರೆ ಅದೂ ಇಮ್ಮಡಿಯಾಗುತ್ತದೆ. ಫೆಕ್ಸೊಫೆನಡಿನ್ ಮಿದುಳನ್ನು ಮುಟ್ಟುವುದೇ ಇಲ್ಲವೆನ್ನುವಷ್ಟು ಕಡಿಮೆ. ಅಲರ್ಜಿಗೆ ಮಾತ್ರೆ ಬೇಕೇ ಬೇಕೆಂದಾದರೆ ವೈದ್ಯರ ಬಳಿ ಇದನ್ನು ಕೇಳುವುದು ವಿವೇಕ.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಈ ಜೋಡಿಯಿಂದ ಹಾನಿಯಾದ ವರದಿಗಳೆಲ್ಲಿ ಎಂಬುದು. ನೇರ ಪ್ರಯೋಗಗಳು ವಿರಳ, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ನೋಡುವ ಕಣ್ಣುಗಳೇ ಬೇರೆ ಬೇರೆ ದಿಕ್ಕಿಗಿವೆ. ಅಲೋಪಥಿ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು, ಆಯುಷ್ ಔಷಧಿಗಳದ್ದು 2018ರಲ್ಲಿ ಪ್ರತ್ಯೇಕವಾಗಿ. ನಡುರಾತ್ರಿ ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆದು ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯದು ಆಸ್ಪತ್ರೆಯಲ್ಲಿ ಕೇವಲ ಮೂಳೆ ಮುರಿತ. ಹಾಲಿನಲ್ಲಿ ಕಲಸಿದ ಪುಡಿಯನ್ನು ಯಾರೂ ಕೇಳುವುದಿಲ್ಲ, ಮನೆಯವರೂ ಅದನ್ನು ಔಷಧಿಯೆಂದು ಹೇಳುವುದಿಲ್ಲ. ಕಾನೂನು ಕಣ್ಣು ಮುಚ್ಚಿ ಕೂತಿಲ್ಲ. ಭಾರತದಲ್ಲಿ ಕ್ಲೋರ್‌ಫೆನಿರಮಿನ್‌ನಂಥ ಆಂಟಿಹಿಸ್ಟಮಿನ್‌ಗಳು ಷೆಡ್ಯೂಲ್ ಜಿ ಪಟ್ಟಿಯಲ್ಲಿವೆ, ವೈದ್ಯರ ಮೇಲ್ವಿಚಾರಣೆ ಇಲ್ಲದೆ ಸೇವಿಸುವುದು ಅಪಾಯಕಾರಿ ಎಂದು ಅವುಗಳ ಮೇಲೆ ಅಚ್ಚಾಗಬೇಕು. ಆದರೆ ಅಂಗಡಿಯವರು ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟಾಗ ಆ ಸಾಲು ಅಂಗಡಿಯಲ್ಲೇ ಉಳಿಯುತ್ತದೆ.

ಬೇರಿನ ಪರಿಣಾಮ ಪ್ರಯೋಗಗಳಲ್ಲಿ ದುರ್ಬಲವೆಂದೇ ಕಂಡಿದೆ, ಅದಕ್ಕೇಕೆ ಹೆದರಬೇಕು ಎನ್ನುವವರೂ ಇದ್ದಾರೆ. ಪರಿಣಾಮವೇ ಇಲ್ಲದಿದ್ದರೆ ನುಂಗುವ ಕಾರಣವೂ ಇಲ್ಲ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2017ರ ತನ್ನ ಮಾರ್ಗಸೂಚಿಯಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ವಲೇರಿಯನ್ ಬೇಡ, ಡೈಫೆನ್‌ಹೈಡ್ರಮಿನ್ ಕೂಡ ಬೇಡ ಎಂದು ಸಲಹೆ ಕೊಟ್ಟಿತು. ಲಾಭ ಅಲ್ಪವಾದ ಕಡೆ ಸಣ್ಣ ಅಪಾಯವೂ ದುಬಾರಿ. ಹಾಗಾಗಿ ಶೀತದ ಮಾತ್ರೆ ನುಂಗುವ ದಿನಗಳಲ್ಲಿ ನಿದ್ದೆಯ ಪುಡಿಯನ್ನು ಬಿಡುವುದೇ ಸರಿ. ಶೀತದ ಮಾತ್ರೆಯ ಹಿಂಬದಿಯಲ್ಲಿ ಪ್ಯಾರಾಸಿಟಮಾಲ್ ಜೊತೆ ಕ್ಲೋರ್‌ಫೆನಿರಮಿನ್ ಹೆಸರಿದೆಯೇ ಎಂದು ಓದಿಕೊಳ್ಳಬೇಕು. ಈಗಾಗಲೇ ಎರಡನ್ನೂ ನುಂಗಿದ್ದರೆ ಮದ್ಯ ಮುಟ್ಟಬಾರದು, ಮಂಪರು ಪೂರ್ತಿ ಇಳಿಯುವವರೆಗೆ ವಾಹನ ಓಡಿಸಬಾರದು. ಕೂಗಿದರೂ ಎಚ್ಚರವಾಗದಿದ್ದರೆ, ಉಸಿರು ನಿಧಾನವಾದರೆ, ಮಾತು ಅಸಂಬದ್ಧವಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹೊರಡುವಾಗ ಮಾತ್ರೆಯ ಪಟ್ಟಿಯ ಜೊತೆ ಆ ಪುಡಿಯ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.