ಕೇಳಿದ ಕವಿತೆಗೆ ಅಂಕವೆಷ್ಟು?

ಉಪಾಧ್ಯಾಯ ವೃತ್ತಿಯಲ್ಲಿದ್ದವರಿಗೆ ಅಂಕ ಕೊಡುವ ಚಾಳಿ ನಿವೃತ್ತಿಯ ಬಳಿಕವೂ ಬಿಡದು. ಕಳೆದ ಮಳೆಗಾಲದಲ್ಲಿ ನಾನೂ ನನ್ನ ಗೃಹಿಣಿಯೂ ಮನೆಯಲ್ಲಿದ್ದ ಭಾವಗೀತೆಗಳ ಹಳೆಯ ಧ್ವನಿಸುರುಳಿಗಳನ್ನು ಒಂದೊಂದಾಗಿ ಕೇಳಿ, ಹತ್ತಕ್ಕೆ ಇಷ್ಟೆಂದು ಅಂಕವಿಡಲು ತೊಡಗಿದೆವು. ಆಕೆಯೂ ಕಾಸರಗೋಡು ಸೀಮೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳೇ. ನಿಯಮಗಳು ಎರಡೇ: ಸುರುಳಿಯ ಎರಡೂ ಬದಿಗಳನ್ನು ಕೊನೆಯವರೆಗೆ ಕೇಳತಕ್ಕದ್ದು, ಒಬ್ಬರ ಅಂಕವನ್ನು ಇನ್ನೊಬ್ಬರು ನೋಡದೆ ಬರೆಯತಕ್ಕದ್ದು. ವಿನೋದಕ್ಕೆಂದು ಹಿಡಿದ ಈ ಕಾರ್ಯವು ಪ್ರಶ್ನೆಯೊಂದನ್ನು ನಮ್ಮೆದುರು ತಂದು ನಿಲ್ಲಿಸಿತು. ಹಾಡಿದಾಗ ಕವಿತೆಯು ಬೆಳೆಯುವುದೋ, ಕರಗುವುದೋ?

ಮೊದಲು ಕೇಳಿದ್ದು ಸಿ. ಅಶ್ವಥ್ ಅವರ ಕಂಠದಲ್ಲಿ ಶಿಶುನಾಳ ಶರೀಫರ ಪದಗಳನ್ನು. ಶರೀಫರು (1819–1889) ತತ್ತ್ವಪದಗಳನ್ನು ಕಟ್ಟಿದ್ದೇ ಹಾಡುವುದಕ್ಕಾಗಿ; ಆದ್ದರಿಂದ ಇಲ್ಲಿ ರಾಗವು ಹೊರಗಿನಿಂದ ತೊಡಿಸಿದ ಅಂಗಿಯಲ್ಲ, ಮೈಯ ಚರ್ಮವೇ. ಕೋಳಿಯು ಕೋತಿಯನ್ನು ನುಂಗುವ ಆ ಒಡಪಿನ ಪದವನ್ನು ಪುಸ್ತಕದಲ್ಲಿ ಓದಿದವನು ಅರ್ಥ ಹುಡುಕುತ್ತ ತಡವರಿಸುತ್ತಾನೆ. ಕೇಳಿದವನು ಮೊದಲು ಬೆರಗಾಗಿ ಅನಂತರ ಯೋಚಿಸುತ್ತಾನೆ. ಇಬ್ಬರೂ ಒಂಬತ್ತು ಅಂಕ ಕೊಟ್ಟಿದ್ದೆವು. ಅಂಕಗಳು ಕೂಡಿದ್ದರಿಂದ ಮಾತು ಬೆಳೆಯಲಿಲ್ಲ; ಪೆಟ್ಟಿಗೆ ಮುಚ್ಚಿ ಮಲಗಿದೆವು.

ಎರಡನೆಯ ಸರದಿ ಕೆ. ಎಸ್. ನರಸಿಂಹಸ್ವಾಮಿಗಳ 'ಮೈಸೂರು ಮಲ್ಲಿಗೆ'ಯದು. 1942ರಲ್ಲಿ ಪುಸ್ತಕವಾಗಿ ಬಂದ ಈ ದಾಂಪತ್ಯಗೀತೆಗಳು ಧ್ವನಿಸುರುಳಿಗಳಿಂದಲೂ 1992ರ ಚಲನಚಿತ್ರದಿಂದಲೂ ಪುಸ್ತಕ ಕೊಳ್ಳದವರ ಮನೆಗಳನ್ನೂ ಹೊಕ್ಕವು. ನಾನು ಆರು ಅಂಕ ಬರೆದಿದ್ದೆ. ಗಂಡಹೆಂಡಿರು ಹಜಾರದಲ್ಲಿ ಆಡಿಕೊಳ್ಳುವ ಮೆಲುಮಾತು ವಾದ್ಯಮೇಳದೊಡನೆ ಸಭಾಮಂಟಪವನ್ನೇರಿದರೆ ಅದರ ಆಪ್ತತೆ ಉಳಿದೀತೇ ಎಂಬುದು ನನ್ನ ಆಕ್ಷೇಪ. ಆಕೆ ಎಂಟು ಕೊಟ್ಟಿದ್ದಳು. ಮಾವನ ಮನೆಗೆ ಬಂದ ರಾಯರು ಹೆಂಡತಿಯನ್ನು ಕಾಣಲು ಕಾಯುವ ಕವನವನ್ನು ನೆನಪಿಸಿ, "ಇದನ್ನು ನೀವು ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟಿರಿ. ಕೊನೆಯಲ್ಲಿ ನಾದಿನಿ ನಗುತ್ತ ಉತ್ತರ ಹೇಳುವಾಗ ನೀವು ನಕ್ಕದ್ದನ್ನು ಇಂದೇ ಕಂಡೆ" ಎಂದಳು. ನಾನು ನಿರುತ್ತರನಾದೆ. ಕವಿ ಅಲ್ಲಿ ಕಾರಣವನ್ನು ಬಿಡಿಸಿ ಹೇಳದೆ ಸೂಚಿಸಿ ನಿಲ್ಲಿಸಿರುವ ಚೆಲುವನ್ನು ನಾನು ವಿವರಿಸುತ್ತಿದ್ದೆ, ಅನುಭವಿಸಿರಲಿಲ್ಲ.

ನಿಜವಾದ ವ್ಯಾಜ್ಯವೆದ್ದದ್ದು 'ನಿತ್ಯೋತ್ಸವ'ದಲ್ಲಿ. ಕೆ. ಎಸ್. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ, 1978ರಲ್ಲಿ ಬಂದ ಈ ಸುರುಳಿಯಿಂದಲೇ ಕನ್ನಡದಲ್ಲಿ ಭಾವಗೀತೆಗಳ ಧ್ವನಿಸುರುಳಿಯ ಯುಗ ತೊಡಗಿತೆನ್ನುವುದುಂಟು. ನಾನು ಏಳು, ಆಕೆ ಹತ್ತು. ಹತ್ತಕ್ಕೆ ಹತ್ತು! ಗಣಿತವಲ್ಲದ ವಿಷಯದಲ್ಲಿ ಹೀಗೆ ಕೊಡುವುದುಂಟೇ ಎಂದು ನಾನು ಕೆರಳಿದೆ. ನನ್ನ ವಾದವಿಷ್ಟು. ಹೆಸರುಗೀತೆಯ ಮೊದಲ ನುಡಿ ಜೋಗ, ತುಂಗೆ, ಸಹ್ಯಾದ್ರಿಗಳದು. ಎರಡನೆಯದು ಶಾಸನ, ಓಲೆಗರಿ, ದೇಗುಲಗಳದು. ಮೂರನೆಯದು ಕುಲವನ್ನೆಣಿಸದ ಹಿರಿಮೆಯದು, ಲೋಕವೇ ಎಲ್ಲೆಯಾದ ನುಡಿಯದು. ನಿಸರ್ಗದಿಂದ ಇತಿಹಾಸಕ್ಕೆ, ಇತಿಹಾಸದಿಂದ ಮನಸ್ಸಿಗೆ ಏರುವ ಈ ಮೆಟ್ಟಿಲುಗಳನ್ನು ಮತ್ತೆಮತ್ತೆ ಬರುವ ಪಲ್ಲವಿಯ ಮಾಧುರ್ಯವು ಸಮತಟ್ಟು ಮಾಡಿಬಿಡುತ್ತದೆ. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದ ನಮ್ಮ ಮಕ್ಕಳು ಜೋಗವನ್ನು ಗಟ್ಟಿಯಾಗಿ ಹಾಡುತ್ತಾರೆ. ತಮಗಾಗಿಯೇ ಬರೆದಂತಿರುವ ಮೂರನೆಯ ನುಡಿ ಗದ್ದಲದಲ್ಲಿ ಕಳೆದುಹೋಗುತ್ತದೆ.

ಆಕೆ ಸಾವಧಾನವಾಗಿ ಕೇಳಿ ಹೇಳಿದಳು: "ನೀವು ಹೇಳುವ ಆ ನುಡಿಯನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿದವಳಲ್ಲ. ನಮ್ಮ ಶಾಲೆಗೆ ಆ ಪುಸ್ತಕ ಬಂದೇ ಇರಲಿಲ್ಲ, ಸುರುಳಿ ಬಂದಿತ್ತು. ಅರ್ಥ ತಿಳಿಯುವ ಮೊದಲೇ ಬಾಯಿಗೆ ಬಂತು. ಇಂದು ನೀವು ಅರ್ಥ ಹೇಳಿದಿರಿ. ಹೇಳಿಸಿಕೊಳ್ಳಲು ನನ್ನಲ್ಲಿ ಮಾತುಗಳಿದ್ದವು. ಆ ಹತ್ತು ಅಂಕ ಅದಕ್ಕೆ."

ಗಡಿನಾಡಿನಲ್ಲಿ ಈ ಮಾತಿಗೆ ಬೆಲೆಯುಂಟು. ಪುಸ್ತಕ ತಲುಪದ ಊರಿಗೆ ಹಾಡು ತಲುಪಿದೆ. ಆದರೆ ಹಾಡು ಕವಿತೆಯನ್ನು ನೆನಪಿನಲ್ಲಿ ಇಟ್ಟುಹೋಗುವುದೇ ಹೊರತು ಬಿಚ್ಚಿ ತೋರಿಸುವುದಿಲ್ಲ. ಬಿಚ್ಚುವ ಕೆಲಸ ಉಪಾಧ್ಯಾಯನದು. ಇಟ್ಟದ್ದನ್ನು ಬಿಚ್ಚದಿದ್ದರೆ ತಪ್ಪು ಗಾಯಕನದಲ್ಲ, ನಮ್ಮದು. ಧ್ವನಿಸುರುಳಿಯ ತಲೆಗೆ ನಾನು ಕಟ್ಟಿದ್ದ ದೋಷದಲ್ಲಿ ಬಹುಭಾಗ ತರಗತಿಯದೆಂದು ಒಪ್ಪಿಕೊಂಡೆ. ಆದರೂ ನನ್ನ ಏಳನ್ನು ತಿದ್ದಲಿಲ್ಲ. ಆಕೆಯೂ ತನ್ನ ಹತ್ತನ್ನು ಇಳಿಸಲಿಲ್ಲ. ಸರಾಸರಿ ತೆಗೆದು ಎಂಟೂವರೆ ಎಂದು ಬರೆದಿದ್ದರೆ ಅದು ನಮ್ಮಿಬ್ಬರಲ್ಲಿ ಯಾರ ಅಭಿಪ್ರಾಯವೂ ಆಗುತ್ತಿರಲಿಲ್ಲ. ಅಂಕವು ತೀರ್ಪಲ್ಲ, ಮಾತಿಗೊಂದು ಪೀಠಿಕೆ. ಅಂಕಗಳು ಕೂಡಿದ ದಿನ ನಾವು ಬೇಗ ಮಲಗಿದೆವು; ಕೂಡದ ದಿನ ಕವಿತೆಯನ್ನು ಅರಿತೆವು.

ವಿದ್ಯಾರ್ಥಿಮಿತ್ರರಲ್ಲಿ ಒಂದು ಬಿನ್ನಹ. ಬರುವ ರಾಜ್ಯೋತ್ಸವದಂದು ಈ ಗೀತೆಯನ್ನು ಎಂದಿನಂತೆ ಕಂಠವೆತ್ತಿ ಹಾಡಿರಿ. ಮುಗಿದ ಮೇಲೆ ನಿಮ್ಮಲ್ಲೊಬ್ಬರು ಮೂರನೆಯ ನುಡಿಯನ್ನು, ರಾಗವಿಲ್ಲದೆ, ನಿಧಾನವಾಗಿ ಒಮ್ಮೆ ಓದಿರಿ.